ಟಿಬಿ ಕ್ರಿಮಿ ಎಲ್ಲಾ ಕಡೆ ಒಂದೇನಾ? ನಮ್ಮ ದಕ್ಷಿಣದ ತಳಿ ಬೇರೆ ಅಂತಾರಲ್ಲ, ಅದರಿಂದ ಕಾಯಿಲೆ ಬದಲಾಗುತ್ತಾ?

ಶಿರಾ ಸೀಮೆಯವ
ಎಲ್ರಿಗೂ ನಮಸ್ಕಾರ. ಇಲ್ಲಿ ಡಾಕ್ಟ್ರು, ಲ್ಯಾಬ್‌ನವರು ಇದೀರ ಅಂತ ಧೈರ್ಯ ಮಾಡಿ ಕೇಳ್ತಿದೀನಿ. ನಮ್ಮ ಸಂಬಂಧಿಕರ ಒಂದೇ ಮನೇಲಿ ಇಬ್ರಿಗೆ ಟಿಬಿ ಬಂತು, ಒಬ್ರಿಗೆ ಶ್ವಾಸಕೋಶದ್ದು, ಆರು ತಿಂಗಳು ಮಾತ್ರೆ ತಗೊಂಡು ಗುಣ ಆದ್ರು, ಇನ್ನೊಬ್ರಿಗೆ ಬೆನ್ನುಮೂಳೆಗೆ ಹೋಗಿ ಬಹಳ ಕಷ್ಟಪಟ್ರು, ಮಿಕ್ಕವರಿಗೆ ಏನೂ ಆಗ್ಲೇ ಇಲ್ಲ. ಕೇಳಿದ್ರೆ ಎಲ್ರೂ "ಅವರವರ ದೇಹಶಕ್ತಿ" ಅಂತಾರೆ. ಆದ್ರೆ ಮೊನ್ನೆ ಓದಿದೆ, ಕ್ಷಯದ ಬ್ಯಾಕ್ಟೀರಿಯಾದಲ್ಲೇ ಬೇರೆ ಬೇರೆ ತಳಿ ಇದಾವಂತೆ, ದಕ್ಷಿಣ ಭಾರತದಲ್ಲಿ ಇರೋದು ಚೀನಾ ಕಡೆ ಇರೋದಕ್ಕಿಂತ ಬೇರೆಯಂತೆ. ನಿಜಾನಾ? ನಿಜ ಆದ್ರೆ ಕಾಯಿಲೆ ಜೋರಾಗೋದು, ಹರಡೋದು, ಔಷಧಿಗೆ ಬಗ್ಗದೇ ಇರೋದು ಇದರಲ್ಲೆಲ್ಲ ಕ್ರಿಮಿಯ ಪಾಲು ಎಷ್ಟು? ತಿಳಿದವರು ಬಿಡಿಸಿ ಹೇಳಿ, ಉದ್ದ ಆದ್ರೂ ಓದ್ತೀನಿ.

ಕಫದ ಸ್ಲೈಡ್
ಮೈಕ್ರೋಬಯಾಲಜಿ ಲ್ಯಾಬ್‌ನಲ್ಲಿ ಕೆಲಸ ಮಾಡ್ತೀನಿ, ಗೊತ್ತಿರೋದು ಹೇಳ್ತೀನಿ. ಮೊದಲು ನಿಮ್ಮ ಮನೆ ವಿಷಯ. ಒಂದೇ ಮನೇಲಿ ಒಬ್ರಿಂದ ಒಬ್ರಿಗೆ ಹೋಗಿದ್ರೆ ಕ್ರಿಮಿ ಬಹುತೇಕ ಅದೇ ಇರುತ್ತೆ, ಹಾಗಾಗಿ ಅವರಿಬ್ಬರ ನಡುವಿನ ವ್ಯತ್ಯಾಸಕ್ಕೆ ತಳಿ ಕಾರಣ ಅನ್ನೋದು ಕಷ್ಟ. ಅಲ್ಲಿ ವಯಸ್ಸು, ಊಟ, ಶುಗರ್, ಎಷ್ಟು ಹೊತ್ತು ಜೊತೇಲಿ ಇದ್ರು, ಇದೇ ಮುಖ್ಯ. ಸೋಂಕು ತಗುಲಿದವರಲ್ಲಿ ಇಡೀ ಜೀವಮಾನದಲ್ಲಿ ಕಾಯಿಲೆ ಬೀಳೋದೇ ನೂರಕ್ಕೆ 5ರಿಂದ 10 ಜನ. ತಳಿಯ ಪ್ರಶ್ನೆ ಏಳೋದು ಊರು ಊರಿಗೆ, ದೇಶ ದೇಶಕ್ಕೆ ಹೋಲಿಸಿದಾಗ.

ತಳಿ ಇರೋದು ಮಾತ್ರ ಪೂರ್ತಿ ನಿಜ. 1882ರ ಮಾರ್ಚ್ 24ಕ್ಕೆ ರಾಬರ್ಟ್ ಕಾಖ್ ಈ ಕ್ರಿಮೀನ ತೋರಿಸಿಕೊಟ್ಟಮೇಲೆ ಸುಮಾರು ನೂರು ವರ್ಷ "ಟಿಬಿ ಅಂದ್ರೆ ಟಿಬಿ, ಎಲ್ಲಾ ಒಂದೇ" ಅಂತಾನೇ ನಡೀತು. ಕಾರಣಾನೂ ಇತ್ತು, ಈ ಬ್ಯಾಕ್ಟೀರಿಯಾ ಬೇರೆ ಬ್ಯಾಕ್ಟೀರಿಯಾಗಳ ಥರ ಅಕ್ಕಪಕ್ಕದವರ ಜೀನ್ ಎರವಲು ತಗೊಳಲ್ಲ, ಅಮ್ಮನಿಂದ ಮಗಳಿಗೆ ಅಂತ ನೇರ ವಂಶ, ಬದಲಾವಣೆ ತುಂಬಾ ನಿಧಾನ. ಸುಮಾರು 44 ಲಕ್ಷ ಅಕ್ಷರದ ಜೀನೋಮ್‌ನಲ್ಲಿ, ಅಂದ್ರೆ ಅದರ ಪೂರ್ತಿ ಡಿಎನ್‌ಎ ಬರಹದಲ್ಲಿ, ಎರಡು ಮೂರು ವರ್ಷಕ್ಕೆ ಒಂದಕ್ಷರ ಬದಲಾದ್ರೆ ಹೆಚ್ಚು. ಆದ್ರೂ ಸಾವಿರಾರು ವರ್ಷದಲ್ಲಿ ಕವಲು ಒಡೆದು ಇವತ್ತಿಗೆ ಮನುಷ್ಯರಲ್ಲಿ ಕನಿಷ್ಠ ಒಂಬತ್ತು ದೊಡ್ಡ ಲಿನಿಯೇಜ್, ಅಂದ್ರೆ ತಳಿ, ಗುರುತಿಸಿದಾರೆ. ಒಂದನೇದು ಹಿಂದೂ ಮಹಾಸಾಗರದ ಸುತ್ತ, ಅಂದ್ರೆ ದಕ್ಷಿಣ ಭಾರತ, ಫಿಲಿಪೈನ್ಸ್, ವಿಯೆಟ್ನಾಂ, ಪೂರ್ವ ಆಫ್ರಿಕಾ. ಎರಡನೇದು ಪೂರ್ವ ಏಷ್ಯಾದ್ದು, ಬೀಜಿಂಗ್ ತಳಿ ಅಂತ ಹೆಸರುವಾಸಿ. ಮೂರನೇದು ಉತ್ತರ ಭಾರತ, ಪಾಕಿಸ್ತಾನ, ಪೂರ್ವ ಆಫ್ರಿಕಾದ ಕಡೆ. ನಾಲ್ಕನೇದು ಯುರೋಪ್ ಅಮೆರಿಕಾ ಅಂತ ಕರೀತಾರೆ, ಆದ್ರೆ ಹಡಗಿನ ಜೊತೆ ಪ್ರಪಂಚ ಎಲ್ಲಾ ಸುತ್ತಿದೆ. ಐದು, ಆರು ಪಶ್ಚಿಮ ಆಫ್ರಿಕಾ ಬಿಟ್ಟು ಆಚೆ ಹೆಚ್ಚು ಬಂದಿಲ್ಲ, ಏಳು ಇಥಿಯೋಪಿಯಾದ್ದು, ಎಂಟು ಒಂಬತ್ತು ಆಫ್ರಿಕಾದಲ್ಲೇ 2020ರ ಈಚೆ ಸಿಕ್ಕಿದ್ದು.

ನಮ್ಮ ಕರ್ನಾಟಕ, ತಮಿಳುನಾಡು, ಕೇರಳದ ಕಡೆ ಜಾಸ್ತಿ ಸಿಗೋದು ಒಂದನೇ ತಳಿ. ಉತ್ತರಕ್ಕೆ ಹೋದಂಗೆ ಮೂರನೇದು ಜಾಸ್ತಿ, ಈಶಾನ್ಯದ ಕಡೆ ಎರಡನೇದು. ಗೆರೆ ಎಳೆದಂಗೆ ಇಲ್ಲ, ಎಲ್ಲಾ ಕಡೆ ಬೆರಕೆ ಇದೆ, ಬೆಂಗಳೂರಿನಂಥ ಊರಲ್ಲಂತೂ ದೇಶದ ಎಲ್ಲಾ ಮೂಲೆಯಿಂದ ಜನ ಬರ್ತಾರಲ್ಲ. ಒಂದನೇ ತಳಿ ಹಳೇದು ಅಂತಾರೆ, ಯಾಕಂದ್ರೆ ಟಿಬಿಡಿ1 ಅನ್ನೋ ಡಿಎನ್‌ಎ ತುಂಡು ಅದರಲ್ಲಿ ಇನ್ನೂ ಇದೆ, ಎರಡು ಮೂರು ನಾಲ್ಕರಲ್ಲಿ ಅದು ಕಳೆದುಹೋಗಿದೆ. ಆ ಮೂರನ್ನೂ ಸೇರಿಸಿ ಆಧುನಿಕ ತಳಿ ಅನ್ನೋದು ಅದಕ್ಕೇ.

ಧಾರವಾಡ ಪೇಟೆ
ಭಾಳ ಛಲೋ ಬರದೀರಿ ಅಕ್ಕಾರ. ನನಗೊಂದು ಹೇಳ್ರಿ, ಹಳೇ ತಳಿ ಅಂದ್ರ ಅದು ಸಾಧು ಐತಿ, ಹೊಸಾವು ಜಬರ್ದಸ್ತ ಅದಾವ ಅಂತ ತಿಳ್ಕೋಬೇಕೇನ್ರಿ? ಹಂಗಿದ್ರ ನಮ್ಮ ಕಡೆ ಟಿಬಿ ಕಡಿಮಿ ಇರಬೇಕಿತ್ತಲ್ಲ, ನಮ್ಮ ಓಣ್ಯಾಗ ನೋಡಿದ್ರ ಹಂಗೇನ್ ಕಾಣಂಗಿಲ್ಲ.

ಕಫದ ಸ್ಲೈಡ್
ಧಾರವಾಡದವರೇ, ಇದೇ ಪ್ರಶ್ನೆ 60 ವರ್ಷ ಹಿಂದೇನೇ ಮದ್ರಾಸಲ್ಲಿ ಎದ್ದಿತ್ತು. 1956ರಲ್ಲಿ ಅಲ್ಲಿ ಟಿಬಿ ಕೀಮೋಥೆರಪಿ ಕೇಂದ್ರ ಶುರುವಾಯ್ತು, ಮನೇಲೇ ಇದ್ದು ಮಾತ್ರೆ ತಗೊಂಡ್ರೂ ಸ್ಯಾನಟೋರಿಯಂನಲ್ಲಿ (ಟಿಬಿಯವರನ್ನ ಇಟ್ಕೊಳೋ ಆಸ್ಪತ್ರೆ) ಇದ್ದಷ್ಟೇ ಗುಣ ಆಗ್ತಾರೆ ಅಂತ 1959ರಲ್ಲಿ ಜಗತ್ತಿಗೆ ತೋರಿಸಿದ್ದು ಅದೇ ಕೇಂದ್ರ. ಅಲ್ಲಿನ ರೋಗಿಗಳ ಕಫದಿಂದ ಬೆಳೆಸಿದ ಕ್ರಿಮೀನ ಬ್ರಿಟಿಷ್ ವಿಜ್ಞಾನಿ ಡೆನಿಸ್ ಮಿಚಿಸನ್ ತಂಡದವರು ಬ್ರಿಟನ್ನಿನ ಕ್ರಿಮಿ ಜೊತೆ ಗಿನಿಯಿಲಿಗಳಲ್ಲಿ ಹೋಲಿಸಿ ನೋಡಿದ್ರು. ನಮ್ಮ ಕಡೆಯ ಎಷ್ಟೋ ಕ್ರಿಮಿಗಳು ಗಿನಿಯಿಲಿಗಳಿಗೆ ಅಷ್ಟು ಜೋರಾಗಿ ಕಾಯಿಲೆ ತರಲಿಲ್ಲ. ಅದೇ ಕ್ರಿಮಿಗಳಲ್ಲಿ ಬಹಳಷ್ಟು, ನಮ್ಮ ರೋಗನಿರೋಧಕ ಕೋಶಗಳು ಕ್ರಿಮಿ ಕೊಲ್ಲೋಕೆ ಬಳಸೋ ಹೈಡ್ರೋಜನ್ ಪೆರಾಕ್ಸೈಡ್‌ಗೂ ಬೇಗ ಸಾಯ್ತಿದ್ವು. ಆಗ ಡಿಎನ್‌ಎ ಓದೋ ಸೌಲಭ್ಯ ಇರಲಿಲ್ಲ, ತಳಿ ಅಂತ ಹೆಸರಿಡೋಕೆ ಆಗಲಿಲ್ಲ, ಆದ್ರೆ ಅವರ ಕೈಗೆ ಸಿಕ್ಕಿದ್ದು ಬಹುಪಾಲು ಈ ಒಂದನೇ ತಳೀನೇ ಇರಬೇಕು ಅಂತ ಈಗಿನವರ ಅಂದಾಜು.

ಆದ್ರೆ ಗಿನಿಯಿಲಿಗೆ ಮೆತ್ತಗೆ ಅಂದಮಾತ್ರಕ್ಕೆ ನಮ್ಮ ಜನಕ್ಕೂ ಮೆತ್ತಗೆ ಅಂತ ಯಾರೂ ಹೇಳಬಾರದು. ಆ ಕಫ ಕೊಟ್ಟವರೆಲ್ಲ ಕಾಯಿಲೆ ಬಿದ್ದೇ ಆ ಕೇಂದ್ರಕ್ಕೆ ಬಂದವರು.

ಮನುಷ್ಯರ ಲೆಕ್ಕ ಬೇಕಂದ್ರೆ ಎರಡು ಮೂರು ಜಾಗದ ಕೆಲಸ ಗಟ್ಟಿ ಇದೆ. ವಿಯೆಟ್ನಾಂನ ಹೋ ಚಿ ಮಿನ್ ಸಿಟೀಲಿ 1,600ಕ್ಕೂ ಹೆಚ್ಚು ರೋಗಿಗಳ ಕ್ರಿಮಿಯ ಪೂರ್ತಿ ಜೀನೋಮ್ ಓದಿ 2018ರಲ್ಲಿ ಪ್ರಕಟಿಸಿದ್ರು. ಅಲ್ಲಿ ಮೊದಲಿಂದ ಇದ್ದಿದ್ದು ಒಂದನೇ ತಳಿ, ಆಮೇಲೆ ಬಂದಿದ್ದು ಬೀಜಿಂಗ್ ತಳಿ, ಬಂದಿದ್ದು ಮೊದಲಿದ್ದದ್ದಕ್ಕಿಂತ ಜಾಸ್ತಿ ಹರಡ್ತಿದೆ. ಆಫ್ರಿಕಾದ ಮಲಾವಿ ದೇಶದ ಕರೊಂಗಾ ಜಿಲ್ಲೇಲಿ ವರ್ಷಗಟ್ಟಲೆ ಕೂಡಿಟ್ಟ ಸ್ಯಾಂಪಲ್ ಓದಿದಾಗಲೂ ಒಂದನೇ ತಳಿ ಒಬ್ಬರಿಂದ ಒಬ್ಬರಿಗೆ ದಾಟೋದು ಕಮ್ಮಿ ಅಂತ ಕಂಡಿತು. ನನಗೆ ಎಲ್ಲಕ್ಕಿಂತ ಇಷ್ಟ ಆಗೋದು ಪಶ್ಚಿಮ ಆಫ್ರಿಕಾದ ಗ್ಯಾಂಬಿಯಾದ ಕೆಲಸ, 2008ರದ್ದು. ಅಲ್ಲಿ ರೋಗಿಗಳ ಮನೆಯವರನ್ನ ಎರಡು ವರ್ಷ ಬಿಡದೆ ನೋಡಿದ್ರು. ಆರನೇ ತಳಿ ಇದ್ದ ಮನೇಲೂ ಬೇರೆ ತಳಿ ಇದ್ದ ಮನೇಲೂ ಸೋಂಕು ತಗುಲೋದು ಹೆಚ್ಚು ಕಮ್ಮಿ ಸಮ ಇತ್ತು, ಆದ್ರೆ ಸೋಂಕು ಕಾಯಿಲೆಯಾಗಿ ಮೇಲೆ ಬರೋದು ಆರನೇ ತಳೀಲಿ ತುಂಬಾ ಕಮ್ಮಿ. ಅಂದ್ರೆ ಹರಡೋ ಶಕ್ತಿ ಬೇರೆ, ಕಾಯಿಲೆ ಮಾಡೋ ಶಕ್ತಿ ಬೇರೆ, ಎರಡನ್ನೂ ಒಂದೇ ಮಾತಲ್ಲಿ "ಜೋರು, ಮೆತ್ತಗೆ" ಅಂದ್ರೆ ವಿಷಯ ಹಾಳಾಗುತ್ತೆ.

ಪಡುಬಿದ್ರೆ ಬಸ್‌ಸ್ಟ್ಯಾಂಡ್
ಒಳ್ಳೆ ಚರ್ಚೆ ಮಾರಾಯ್ರೆ. ಆದ್ರೆ ನನಗೊಂದು ಹೆದರಿಕೆ ಉಂಟು, ಹೇಳಿಯೇ ಬಿಡ್ತೇನೆ. ತಳಿ ತಳಿ ಅಂತ ಮಾತಾಡ್ತಾ ಹೋದ್ರೆ ಕಡೆಗೆ ಸರ್ಕಾರದವರು ಕ್ರಿಮಿಯ ಮೇಲೆ ಹಾಕಿ ಕೈ ತೊಳಕೊಳ್ತಾರೆ. ದೇಶದ ಟಿಬಿ ಸರ್ವೆ 2019ರಿಂದ 2021ರವರೆಗೆ ಆಯ್ತಲ್ಲ, ಅದರಲ್ಲಿ ದೊಡ್ಡವರ ಶ್ವಾಸಕೋಶದ ಟಿಬಿ ಡೆಲ್ಲಿಯಲ್ಲಿ ಅತಿ ಹೆಚ್ಚು, ಕೇರಳದಲ್ಲಿ ಅತಿ ಕಮ್ಮಿ. ಡೆಲ್ಲಿಯಲ್ಲಿ ಮೂರನೇ ತಳಿ, ಕೇರಳದಲ್ಲಿ ಒಂದನೇ ತಳಿ, ಹಾಗಾದ್ರೆ ತಳಿಯಿಂದಲೇ ಅಂತ ಯಾರಾದರೂ ಹೇಳಿಬಿಟ್ರೆ? ಕೇರಳದ ಆಸ್ಪತ್ರೆ, ಊಟ, ಮನೆ, ಗಾಳಿ, ಅದು ಯಾವುದೂ ಲೆಕ್ಕಕ್ಕಿಲ್ವಾ?

ನಮ್ಮ ಮಂಗಳೂರಿನ ಯೆನೆಪೋಯ ಮೆಡಿಕಲ್ ಕಾಲೇಜಿನ ಅನುರಾಗ್ ಭಾರ್ಗವ, ಮಾಧವಿ ಭಾರ್ಗವ ಇಬ್ಬರೂ ಮುಂದೆ ನಿಂತು ಜಾರ್ಖಂಡಿನ ನಾಲ್ಕು ಜಿಲ್ಲೆಯಲ್ಲಿ ಒಂದು ದೊಡ್ಡ ಪ್ರಯೋಗ ಮಾಡಿದ್ರು, 2023ರಲ್ಲಿ ಬಂತು. 2,800 ರೋಗಿಗಳು, ಅವರ ಮನೆಯವರು 10,345 ಜನ. ರೋಗಿಗೆ ಎಲ್ಲರಿಗೂ ರೇಷನ್ ಕೊಟ್ರು, ಅರ್ಧ ಮನೆಗಳಲ್ಲಿ ಮಾತ್ರ ಮನೆಯವರಿಗೂ ಅಕ್ಕಿ, ಬೇಳೆ, ವಿಟಮಿನ್ ಮಾತ್ರೆ ಕೊಟ್ರು. ಆ ಮನೆಗಳಲ್ಲಿ ಹೊಸದಾಗಿ ಟಿಬಿ ಬರುವುದು 39% ಕಮ್ಮಿ ಆಯ್ತು, ಕಫದಲ್ಲಿ ಖಾತ್ರಿ ಆಗುವಂಥದ್ದು 48% ಕಮ್ಮಿ. ಅಕ್ಕಿ ಬೇಳೆಯಿಂದ! ಕ್ರಿಮಿ ಯಾವ ತಳಿ ಅಂತ ಯಾರೂ ಕೇಳ್ಲಿಲ್ಲ ಅಲ್ಲಿ.

ಕಫದ ಸ್ಲೈಡ್
ಪಡುಬಿದ್ರೆಯವರ ಮಾತು ನೂರಕ್ಕೆ ನೂರು ಒಪ್ತೀನಿ. ಡೆಲ್ಲಿ ಕೇರಳ ಹೋಲಿಕೆ ತಳಿ ಮೇಲೆ ಹಾಕೋಕೆ ಆಗೋದೇ ಇಲ್ಲ, ಬದಲಾಗೋ ಸಂಗತಿ ಅಲ್ಲಿ ಹತ್ತಾರು ಇವೆ. ತಳಿಯ ಪಾಲು ಅಳೀಬೇಕಂದ್ರೆ ಒಂದೇ ಊರು, ಒಂದೇ ಥರ ಜನ, ಬೇರೆ ಬೇರೆ ತಳಿ ಅಂತ ಇರಬೇಕು, ಗ್ಯಾಂಬಿಯಾ, ವಿಯೆಟ್ನಾಂ ಕೆಲಸಕ್ಕೆ ಬೆಲೆ ಅದಕ್ಕೇ.

ನಿದ್ದೆಗೆಟ್ಟ ಪಿಎಚ್‌ಡಿ
ನಾನು ಹೊರದೇಶದಲ್ಲಿ ಇದೇ ವಿಷಯದ ಹತ್ತಿರ ಓದ್ತಿದೀನಿ, ಊರು ಚನ್ನರಾಯಪಟ್ಟಣ. ಊಟದ ವಿಷಯ ಒಪ್ಪಿದೆ, ಆದ್ರೆ ಅದಕ್ಕಾಗಿ ತಳೀನ ಪಕ್ಕಕ್ಕೆ ಇಡೋದಕ್ಕೆ ನನ್ನ ವಿರೋಧ ಇದೆ, ಯಾಕಂದ್ರೆ ಇದರಲ್ಲಿ ನಮಗೆ ದೊಡ್ಡ ಅನ್ಯಾಯ ಆಗ್ತಿದೆ ಅಂತ ನನಗೆ ಬಲವಾಗಿ ಅನ್ಸುತ್ತೆ.

ಪ್ರಪಂಚದ ಲ್ಯಾಬ್‌ಗಳಲ್ಲೆಲ್ಲ ಬಳಸೋ ಟಿಬಿ ಕ್ರಿಮಿ ಹೆಸರು ಎಚ್37ಆರ್‌ವಿ. ಅದರ ಮೂಲ 1905ರಲ್ಲಿ ಅಮೆರಿಕಾದ ಒಬ್ಬ ರೋಗಿಯಿಂದ ತೆಗೆದದ್ದು. 1998ರಲ್ಲಿ ಮೊದಲ ಜೀನೋಮ್ ಓದಿದ್ದೂ ಅದರದ್ದೇ. ಅದು ನಾಲ್ಕನೇ ತಳಿ. ಇನ್ನು ಇಲಿಗೆ ಕೊಡೋಕೆ ಬಳಸೋ ಎರ್ಡ್‌ಮನ್, ಸಿಡಿಸಿ1551, ಇವೂ ನಾಲ್ಕನೇದೇ. ಔಷಧಿ ಹುಡುಕೋದು, ಲಸಿಕೆ ಪರೀಕ್ಷೆ, ಪಠ್ಯಪುಸ್ತಕದ ಚಿತ್ರ, ಎಲ್ಲಾ ಇದರ ಮೇಲೇ. ಒಂದೂರಿನ ಗದ್ದೆ ನೋಡಿ ಇಡೀ ನಾಡಿನ ಭತ್ತದ ಲೆಕ್ಕ ಬರೆದಂಗೆ. ಪ್ರಪಂಚದ ಟಿಬಿ ರೋಗಿಗಳಲ್ಲಿ ಸುಮಾರು ಕಾಲು ಭಾಗ ಭಾರತದಲ್ಲೇ ಇದಾರೆ, ಇಲ್ಲಿ ಹೆಚ್ಚಿಗೆ ಸಿಗೋದು ಒಂದು ಮತ್ತು ಮೂರು, ಅವೆರಡರ ಮೇಲೇನೇ ಕೆಲಸ ತುಂಬಾ ಕಮ್ಮಿ.

ಜೀನ್ ಒಂದಿಷ್ಟು ಬದಲಾದ್ರೆ ಏನಾಗುತ್ತೆ ಅನ್ನೋದಕ್ಕೆ ಒಂದು ಉದಾಹರಣೆ. ಬೀಜಿಂಗ್ ತಳಿಯ ಹಲವು ಕ್ರಿಮಿಗಳು ತಮ್ಮ ಮೇಲ್ಮೈಗೆ ಫಿನಾಲಿಕ್ ಗ್ಲೈಕೋಲಿಪಿಡ್ ಅನ್ನೋ ಒಂಥರ ಕೊಬ್ಬು ತಯಾರಿಸ್ತವೆ. ನಾಲ್ಕನೇ ತಳೀಲಿ ಅದನ್ನ ಮಾಡೋ ಪಿಕೆಎಸ್15/1 ಜೀನ್‌ನಲ್ಲಿ ಏಳು ಅಕ್ಷರ ಹಾರಿಹೋಗಿದೆ, ಹಾಗಾಗಿ ಆ ಕೊಬ್ಬು ತಯಾರಾಗಲ್ಲ. ಎಚ್‌ಎನ್878 ಅನ್ನೋ ಬೀಜಿಂಗ್ ತಳಿಯ ಕ್ರಿಮೀಲಿ ಬೇಕಂತಲೇ ಆ ಜೀನ್ ಕೆಡಿಸಿ ನೋಡಿದ್ರು, ಇಲಿಗಳು ಮೊದಲಿಗಿಂತ ಜಾಸ್ತಿ ದಿನ ಬದುಕಿದ್ವು, ಆ ಕೊಬ್ಬು ನಮ್ಮ ರೋಗನಿರೋಧಕ ಕೋಶಗಳ ಮೊದಲ ಕೂಗನ್ನೇ ತಗ್ಗಿಸ್ತಿತ್ತು ಅಂತ ಗೊತ್ತಾಯ್ತು. ಈ ಸಿಡಿಸಿ1551 ಕಥೆ ಉಲ್ಟಾ. 1990ರ ದಶಕದಲ್ಲಿ ಅಮೆರಿಕಾದ ಕೆಂಟಕಿ, ಟೆನೆಸಿ ಗಡಿಯ ಹಳ್ಳಿಗಳಲ್ಲಿ ಅದು ಹರಡಿದಾಗ ರೋಗಿ ಹತ್ರ ಸ್ವಲ್ಪ ಹೊತ್ತು ಇದ್ದವರಿಗೂ ಸೋಂಕು ತಗುಲಿದೆಯಾ ಅಂತ ನೋಡೋ ಚರ್ಮದ ಪರೀಕ್ಷೆ ಪಾಸಿಟಿವ್ ಬಂತು, ಭಯಂಕರ ಕ್ರಿಮಿ ಅಂತ ಎಲ್ಲರೂ ಹೆದರಿದ್ರು. ಆಮೇಲೆ ಇಲಿಗಳಲ್ಲಿ ನೋಡಿದ್ರೆ ಬೆಳವಣಿಗೆ ಮಾಮೂಲಿ, ಅದು ದೇಹದ ರಕ್ಷಣಾ ಪಡೇನ ಬೇಗ ಜೋರಾಗಿ ಎಬ್ಬಿಸ್ತಿತ್ತು ಅಷ್ಟೇ. ಹಾಗಾಗಿ ಒಂದು ಊರಲ್ಲಿ ತುಂಬಾ ಜನಕ್ಕೆ ಟೆಸ್ಟ್ ಪಾಸಿಟಿವ್ ಬಂತು ಅಂತ ಕ್ರಿಮಿ ಕ್ರೂರ ಅನ್ನೋಕಾಗಲ್ಲ.

ಇನ್ನೊಂದು ವಿಚಿತ್ರ. ಬೇರೆ ರೋಗಾಣುಗಳಲ್ಲಿ ನಮ್ಮ ದೇಹ ಗುರುತು ಹಿಡಿಯೋ ಭಾಗಗಳೇ ಬೇಗ ಬೇಗ ಬದಲಾಗಿ ತಪ್ಪಿಸ್ಕೋತವೆ. ಟಿಬಿಯಲ್ಲಿ 2010ರಲ್ಲಿ ಬೇರೆ ಬೇರೆ ತಳಿಗಳ ಜೀನೋಮ್ ಹೋಲಿಸಿ ನೋಡಿದ್ರೆ ಟಿ ಕೋಶಗಳು (ನಮ್ಮ ರೋಗನಿರೋಧಕ ಕೋಶಗಳಲ್ಲಿ ಒಂದು ಬಗೆ) ಗುರುತು ಹಿಡಿಯೋ ಭಾಗಗಳೇ ಎಲ್ಲಕ್ಕಿಂತ ಕಮ್ಮಿ ಬದಲಾಗಿವೆ! ಅಂದ್ರೆ ನಮ್ಮ ದೇಹ ಅದನ್ನ ಗುರುತು ಹಿಡಿದು ರೇಗಬೇಕು ಅಂತಾನೇ ಅದಕ್ಕೆ ಬೇಕಾಗಿದೆ ಅನ್ಸುತ್ತೆ, ಆಗಲೇ ಶ್ವಾಸಕೋಶ ಹುಣ್ಣಾಗಿ ತೂತು ಬಿದ್ದು ಕೆಮ್ಮಿನ ಜೊತೆ ಆಚೆ ಬರೋಕೆ ದಾರಿ. ಇದನ್ನ ಮೊದಲ ಸಲ ಓದಿದಾಗ ನನಗೆ ರಾತ್ರಿ ಇಡೀ ತಲೇಲಿ ಇದೇ ಓಡ್ತಿತ್ತು, ಲಸಿಕೆ ಮಾಡೋರಿಗೆ ಎಂಥಾ ಕಷ್ಟದ ಶತ್ರು ನೋಡಿ.

ಧಾರವಾಡ ಪೇಟೆ
ಲಸಿಕೆ ಅಂದ್ರಿ, ಬಿಸಿಜಿ ನಮ್ಮಲ್ಲೆ ಕೆಲಸ ಮಾಡ್ಲಿಲ್ಲ ಅಂತಾರಲ್ರಿ, ಅದಕ್ಕೂ ಈ ತಳೀನ ಕಾರಣ ಏನು?

ನಿದ್ದೆಗೆಟ್ಟ ಪಿಎಚ್‌ಡಿ
ತಮಿಳುನಾಡಿನ ಚೆಂಗಲ್ಪಟ್ಟು ಪ್ರಯೋಗದ ವಿಷಯ ಇರಬೇಕು. 1968ರಲ್ಲಿ ಶುರು, ಲಕ್ಷಗಟ್ಟಲೆ ಜನಕ್ಕೆ ಹಾಕಿದ್ರು, ದೊಡ್ಡವರ ಶ್ವಾಸಕೋಶದ ಟಿಬಿಗೆ ರಕ್ಷಣೆ ಸಿಗಲಿಲ್ಲ. ಬ್ರಿಟನ್ನಿನ ಶಾಲಾ ಮಕ್ಕಳಲ್ಲಿ ಅದೇ ಬಿಸಿಜಿ ಚೆನ್ನಾಗಿ ಕೆಲಸ ಮಾಡಿತ್ತು. ಕಾರಣ ಅಂತ ಹಲವು ವಾದ ಇದಾವೆ, ಮಣ್ಣು ನೀರಲ್ಲಿರೋ ಬೇರೆ ಮೈಕೋಬ್ಯಾಕ್ಟೀರಿಯಾ ಮೊದಲೇ ಮೈಗೆ ತಾಗಿ ಲಸಿಕೆಯ ಕೆಲಸ ಮುಚ್ಚಿಹೋಯ್ತು ಅನ್ನೋದು ಹೆಚ್ಚು ಜನ ಒಪ್ಪೋದು. ದಕ್ಷಿಣದ ಕ್ರಿಮಿ ಬೇರೆ ಅನ್ನೋದನ್ನೂ ಆಗಲೇ ಚರ್ಚೆಗೆ ತಂದಿದ್ರು, ಸಾಬೀತಾಗಿಲ್ಲ. ಮಕ್ಕಳಲ್ಲಿ ಮೆದುಳಿನ ಟಿಬಿ, ಮೈಯೆಲ್ಲ ಹರಡೋ ಟಿಬಿಗೆ ಬಿಸಿಜಿ ರಕ್ಷಣೆ ಕೊಡುತ್ತೆ, ಹಾಗಾಗಿ ಯಾರೂ ಮಗುವಿಗೆ ಹಾಕಿಸೋದು ತಪ್ಪಿಸಬೇಡಿ. ನನ್ನ ಮಾತು ಇಷ್ಟೇ, ಈಗ ಬರ್ತಿರೋ ಹೊಸ ಲಸಿಕೆಗಳನ್ನ ಇಲಿಗಳಲ್ಲಿ ನೋಡುವಾಗ ಒಂದನೇ ತಳಿ, ಮೂರನೇ ತಳಿ ಕೊಟ್ಟೂ ನೋಡಲೇಬೇಕು.

ಮಾತ್ರೆ ಡಬ್ಬಿ
ಜಿಲ್ಲಾ ಟಿಬಿ ಕೆಲಸದಲ್ಲಿ ಇದೀನಿ, ಔಷಧಿ ನಿರೋಧಕದ ವಿಷಯ ಯಾರೂ ಎತ್ತಲಿಲ್ಲ, ರೋಗಿಗೆ ನೇರವಾಗಿ ತಟ್ಟೋದು ಅದೇ.

ಟಿಬಿಯ ಎರಡು ಮುಖ್ಯ ಮಾತ್ರೆ ರಿಫಾಂಪಿಸಿನ್, ಐಸೋನಿಯಾಜಿಡ್. ರಿಫಾಂಪಿಸಿನ್‌ಗೆ ಬಗ್ಗದೇ ಇರೋಕೆ ಆರ್‌ಪಿಒಬಿ ಜೀನ್‌ನಲ್ಲಿ ಒಂದಕ್ಷರ ಬದಲಾದ್ರೆ ಸಾಕು, ಐಸೋನಿಯಾಜಿಡ್‌ಗೆ ಹೆಚ್ಚಾಗಿ ಕ್ಯಾಟ್‌ಜಿ ಜೀನ್. ಮೊದಲೆಲ್ಲ ಅಂದ್ಕೊಂಡಿದ್ವಿ, ಹೀಗೆ ಬದಲಾದ ಕ್ರಿಮಿ ಸೊರಗುತ್ತೆ, ಹರಡಲ್ಲ ಅಂತ. ಆದ್ರೆ ಪಕ್ಕದ ಆರ್‌ಪಿಒಸಿ ಜೀನ್‌ನಲ್ಲಿ ಇನ್ನೊಂದು ಬದಲಾವಣೆ ಮಾಡ್ಕೊಂಡು ಅದು ಸುಧಾರಿಸ್ಕೊಳುತ್ತೆ. ಬೀಜಿಂಗ್ ತಳಿಗೆ ಈ ವಿದ್ಯೆ ಚೆನ್ನಾಗಿ ಕೂಡಿಬಂದು ರಷ್ಯಾ, ಮಧ್ಯ ಏಷ್ಯಾದಲ್ಲಿ ನಿರೋಧಕ ಟಿಬಿ ಒಬ್ಬರಿಂದ ಒಬ್ಬರಿಗೆ ಹಬ್ಬಿದೆ. ಲ್ಯಾಬ್‌ನಲ್ಲಿ ಹೋಲಿಸಿದಾಗ ಎರಡನೇ ತಳಿ ನಾಲ್ಕನೇದಕ್ಕಿಂತ ಬೇಗ ನಿರೋಧಕ ಆಗುತ್ತೆ ಅಂತ 2013ರಲ್ಲಿ ಬಂತು. ಈ ಕಾರಣಕ್ಕೆ ನಮ್ಮ ಊರುಗಳಲ್ಲೂ ಎರಡನೇ ತಳಿ ಎಷ್ಟು ಬೆಳೀತಿದೆ ಅಂತ ಕಣ್ಣಿಟ್ಟಿರಬೇಕು.

ಪರೀಕ್ಷೆ ವಿಷಯದಲ್ಲೂ ತಳಿ ಬರುತ್ತೆ. ಕಫದಲ್ಲಿ ಟಿಬಿ ಇದೆಯಾ, ರಿಫಾಂಪಿಸಿನ್‌ಗೆ ಬಗ್ಗುತ್ತಾ ಅಂತ ಹೇಳೋ ಜೀನ್‌ಎಕ್ಸ್‌ಪರ್ಟ್ ಮಷಿನ್ ನೋಡೋದು ಆರ್‌ಪಿಒಬಿ ಜೀನ್‌ನ 81 ಅಕ್ಷರದ ಒಂದು ಭಾಗ ಮಾತ್ರ. ಆಫ್ರಿಕಾದ ಎಸ್ವಾಟಿನಿ ದೇಶದಲ್ಲಿ ಆ ಭಾಗದ ಆಚೆ ಬದಲಾವಣೆ ಇದ್ದ ಒಂದು ಕ್ರಿಮಿ ಸದ್ದಿಲ್ಲದೆ ಹರಡಿತ್ತು, ಅಲ್ಲಿನ ಬಹು ಔಷಧ ನಿರೋಧಕ ಟಿಬಿಯಲ್ಲಿ ಸುಮಾರು 30% ಅದೇ ಅಂತ ಆಮೇಲೆ ಗೊತ್ತಾಯ್ತು, ಮಷಿನ್ "ಮಾಮೂಲಿ ಟಿಬಿ" ಅಂತ ಹೇಳ್ತಾನೇ ಇತ್ತು. ಆ ರೋಗಿಗಳಿಗೆ ಕೆಲಸ ಮಾಡದ ಮಾತ್ರೆ ಸಿಕ್ಕಿತು. ನಮ್ಮಲ್ಲಿ ಮಾತ್ರೆ ಸರಿಯಾಗಿ ತಗೊಂಡ್ರೂ ಕಫ ನೆಗೆಟಿವ್ ಆಗ್ತಿಲ್ಲ ಅಂದ್ರೆ ಕಲ್ಚರ್, ಅಂದ್ರೆ ಕ್ರಿಮೀನ ಲ್ಯಾಬ್‌ನಲ್ಲಿ ಬೆಳೆಸಿ ಪೂರ್ತಿ ನಿರೋಧಕ ಪರೀಕ್ಷೆ, ಮಾಡಿಸಿ ಅಂತ ನಾನು ಒತ್ತಿ ಒತ್ತಿ ಹೇಳೋದು ಇದಕ್ಕೇ.

ಇನ್ನೊಂದು, ನಮ್ಮ ಒಂದನೇ ತಳಿಗೆ ಸೀದಾ ಸಂಬಂಧ. ನಿರೋಧಕ ಟಿಬಿಗೆ ಈಗ ಆರು ತಿಂಗಳ ಹೊಸ ಚಿಕಿತ್ಸೆಗೆ 2024ರಲ್ಲಿ ನಮ್ಮ ದೇಶ ಒಪ್ಪಿಗೆ ಕೊಡ್ತು, ಬೆಡಾಕ್ವಿಲಿನ್, ಪ್ರೆಟೊಮಾನಿಡ್, ಲಿನೆಜೊಲಿಡ್, ಮಾಕ್ಸಿಫ್ಲಾಕ್ಸಾಸಿನ್ ನಾಲ್ಕೂ ಸೇರಿ. ಮೊದಲೆಲ್ಲ ಒಂದೂವರೆ ವರ್ಷ, ಇಂಜೆಕ್ಷನ್, ಕಿವಿ ಕೇಳಿಸದೇ ಹೋಗೋದು, ಅದನ್ನೆಲ್ಲ ನೋಡಿದವರಿಗೆ ಇದು ಎಷ್ಟು ದೊಡ್ಡ ಸಮಾಧಾನ ಅಂತ ಗೊತ್ತು. ಆದ್ರೆ ಲ್ಯಾಬ್‌ನಲ್ಲಿ ಒಂದನೇ ತಳಿಯ ಬೆಳವಣಿಗೆ ನಿಲ್ಲಿಸೋಕೆ ಪ್ರೆಟೊಮಾನಿಡ್ ಬೇರೆ ತಳಿಗಿಂತ ಜಾಸ್ತಿ ಬೇಕಾಗುತ್ತೆ. ಈ ಚಿಕಿತ್ಸೆಯ ದೊಡ್ಡ ಪ್ರಯೋಗಗಳು ನಡೆದಿದ್ದು ದಕ್ಷಿಣ ಆಫ್ರಿಕಾ, ಉಜ್ಬೇಕಿಸ್ತಾನ್, ಬೆಲಾರುಸ್, ಜಾರ್ಜಿಯಾ, ಮಾಲ್ಡೋವಾ, ರಷ್ಯಾ ಕಡೆ, ಅಲ್ಲೆಲ್ಲ ಎರಡು ಮತ್ತು ನಾಲ್ಕನೇ ತಳೀನೇ ಜಾಸ್ತಿ. ಚಿಕಿತ್ಸೆ ಸೋಲುತ್ತೆ ಅಂತ ನಾನು ಹೇಳ್ತಿಲ್ಲ, ದಯವಿಟ್ಟು ಯಾರೂ ಮಾತ್ರೆ ನಿಲ್ಲಿಸಬೇಡಿ, ನಾಲ್ಕು ಔಷಧಿ ಒಟ್ಟಿಗೆ ಕೆಲಸ ಮಾಡ್ತವೆ. ಆದ್ರೆ ನಮ್ಮ ರೋಗಿಗಳಲ್ಲಿ ಫಲಿತಾಂಶನ ತಳಿ ಪ್ರಕಾರ ಬರೆದಿಟ್ಟು ನೋಡೋ ಹೊಣೆ ನಮ್ಮದು, ಬೇರೆ ದೇಶದವರು ಬಂದು ಮಾಡಲ್ಲ.

ಹಟ್ಟಿ ಹಾಲು
ಹಾಲಿನಿಂದ ಟಿಬಿ ಬರುತ್ತೆ ಅಂತಾರಲ್ಲ, ಅದು ಯಾವ ತಳಿ? ನಮ್ಮ ಮನೇಲಿ ಹಸು ಇದೆ.

ಕಫದ ಸ್ಲೈಡ್
ಪುಸ್ತಕದಲ್ಲಿ ಇರೋದು ಬೋವಿಸ್ ಅಂತ, ದನಗಳ ಟಿಬಿ ಕ್ರಿಮಿ. ಆದ್ರೆ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನ 900ಕ್ಕೂ ಹೆಚ್ಚು ರೋಗಿಗಳ ಕ್ರಿಮಿ ಓದಿ 2020ರಲ್ಲಿ ಬರೆದಿದ್ರಲ್ಲಿ ಬೋವಿಸ್ ಸಿಗಲೇ ಇಲ್ಲ, ಬೆರಳೆಣಿಕೆಯಷ್ಟು ಜನರಲ್ಲಿ ಒರಿಗಿಸ್ ಅನ್ನೋ ಬೇರೆ ಸೋದರ ತಳಿ ಸಿಕ್ಕಿತು, ಅದು ನಮ್ಮ ಕಡೆ ದನಗಳಲ್ಲೂ ಇದೆ. ಸಂಖ್ಯೆ ಕಮ್ಮೀನೇ, ಹೆದರಬೇಡಿ. ಹಾಲು ಕಾಯಿಸಿ ಕುಡೀರಿ, ಹಸಿ ಹಾಲು ಬೇಡ.

ಶಿರಾ ಸೀಮೆಯವ
ಇಷ್ಟು ಬರೀತೀರ ಅಂತ ಅಂದ್ಕೊಂಡಿರಲಿಲ್ಲ, ಎಲ್ರಿಗೂ ಋಣಿ. ಕೊನೇದಾಗಿ ಒಂದು, ರೋಗಿ ತನ್ನ ತಳಿ ಯಾವುದು ಅಂತ ಟೆಸ್ಟ್ ಮಾಡಿಸಬಹುದಾ? ಮಾಡಿಸಿದ್ರೆ ಉಪಯೋಗ ಇದೆಯಾ?

ಮಾತ್ರೆ ಡಬ್ಬಿ
ಸದ್ಯಕ್ಕೆ ತಳಿ ನೋಡಿ ಮಾತ್ರೆ ಬದಲಾಯಿಸಲ್ಲ, ಹಾಗಾಗಿ ಅದಕ್ಕೆ ದುಡ್ಡು ಖರ್ಚು ಮಾಡಬೇಡಿ. ಕೇಳಿ ಮಾಡಿಸಬೇಕಾದ್ದು ನಿರೋಧಕ ಪರೀಕ್ಷೆ, ರಿಫಾಂಪಿಸಿನ್ ಜೊತೆ ಐಸೋನಿಯಾಜಿಡ್‌ದೂ, ಸರ್ಕಾರಿ ಕೇಂದ್ರದಲ್ಲಿ ಉಚಿತ. ಇಂಗ್ಲೆಂಡಲ್ಲಿ 2017ರಿಂದ ಕಲ್ಚರ್‌ನಲ್ಲಿ ಬೆಳೆದ ಟಿಬಿ ಕ್ರಿಮಿಯ ಪೂರ್ತಿ ಜೀನೋಮ್ ಓದ್ತಾರೆ, ತಳಿ, ನಿರೋಧಕ, ಯಾರಿಂದ ಯಾರಿಗೆ ಹೋಯ್ತು ಎಲ್ಲಾ ಒಂದೇ ಸಲಕ್ಕೆ ಸಿಗುತ್ತೆ. ಇಬ್ಬರ ಕ್ರಿಮಿ ನಡುವೆ ಐದಕ್ಷರದ ಒಳಗೆ ವ್ಯತ್ಯಾಸ ಇದ್ರೆ ಈಚೆಗೆ ಹರಡಿದ್ದು ಇರಬಹುದು, ಹನ್ನೆರಡಕ್ಕಿಂತ ಜಾಸ್ತಿ ಇದ್ರೆ ಅವರಿಂದ ಬಂದಿಲ್ಲ ಅಂತ ಲೆಕ್ಕ ಹಾಕ್ತಾರೆ.

ನೀವು ತುಮಕೂರು ಕಡೆಯವರು ಅಂತ ಒಂದು ಮಾತು. ಬೆಂಗಳೂರಿನ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ 1959ರಲ್ಲಿ ಹುಟ್ಟಿದ ಮೇಲೆ ಡಿ. ಬ್ಯಾನರ್ಜಿ, ಆಂಡರ್ಸನ್ ಇಬ್ರೂ ನಿಮ್ಮ ಜಿಲ್ಲೆಯ ಹಳ್ಳಿಗಳಲ್ಲೇ ರೋಗಿಗಳನ್ನ ಮಾತಾಡಿಸಿ 1963ರಲ್ಲಿ ಬರೆದ್ರು. ಹೆಚ್ಚಿನವರಿಗೆ ತಮಗೆ ಏನೋ ಆಗಿದೆ ಅಂತ ಗೊತ್ತಿತ್ತು, ಅರ್ಧದಷ್ಟು ಜನ ತಾವಾಗೇ ಆಸ್ಪತ್ರೆಗೂ ಹೋಗಿದ್ರು, ಅಲ್ಲಿ ಕೆಮ್ಮಿನ ಔಷಧಿ ಬಾಟಲಿ ಕೊಟ್ಟು ವಾಪಸ್ ಕಳಿಸಿದ್ರು. ಇವತ್ತಿಗೂ ಎರಡು ವಾರ ಕೆಮ್ಮಿದವರ ಕಫ ನೋಡದೆ ಸಿರಪ್ ಬರೆದುಕೊಡೋರು ಇದಾರೆ. ಒಂದನೇ ತಳಿ ನಿಧಾನಕ್ಕೆ ಹರಡುತ್ತೆ ಅಂತಾನೇ ಇಟ್ಕೊಳಿ, ಹಾಗಿದ್ರೆ ಬೇಗ ಪತ್ತೆ ಹಚ್ಚಿದ್ರೆ ನಮ್ಮ ಜಿಲ್ಲೆಗಳಲ್ಲಿ ಸರಪಳಿ ಬೇರೆ ಕಡೆಗಿಂತ ಸುಲಭಕ್ಕೆ ತುಂಡಾಗಬೇಕು, ಅಲ್ವಾ? ನಿಮ್ಮ ಸಂಬಂಧಿಕರ ಮನೇಲಿ ಮಿಕ್ಕವರಿಗೆ ಸೋಂಕು ಇದೆಯಾ ಅಂತ ನೋಡಿ ತಡೆಗಟ್ಟೋ ಮಾತ್ರೆ ಕೊಟ್ಟಿದಾರಾ? ಇಲ್ಲ ಅಂದ್ರೆ ಈ ವಾರಾನೇ ಹತ್ತಿರದ ಪಿಎಚ್‌ಸಿಗೆ ಕರ್ಕೊಂಡು ಹೋಗಿ, ಪುಟ್ಟ ಮಕ್ಕಳಿದ್ರೆ ಮೊದಲು ಅವರನ್ನ ತೋರಿಸಿ.